ಸೂಪರ್‌ಚಾರ್ಜರ್ ಇರುವ ಮಿನಿ ಕೂಪರ್ ಎಸ್ ಕಾರಿನ ಕ್ರ್ಯಾಂಕ್ ಪುಲ್ಲಿ: ಸವೆದ ರಬ್ಬರಿನ ದುರಸ್ತಿ ಕುರಿತ ಪ್ರಕರಣ ಅಧ್ಯಯನ

ಈ ಪ್ರಕರಣದ ವಾಹನವು 2005ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಕೌಲಿ ಕಾರ್ಖಾನೆಯಲ್ಲಿ ತಯಾರಾದ ಮಿನಿ ಕೂಪರ್ ಎಸ್. ಆರ್53 ಎಂಬ ಸಂಕೇತದಿಂದ ಗುರುತಿಸುವ ಈ ಮಾದರಿಯ ಎಂಜಿನ್ ಮಾತ್ರ ಇಂಗ್ಲೆಂಡಿನದಲ್ಲ. ಬಿಎಂಡಬ್ಲ್ಯು ಮತ್ತು ಕ್ರೈಸ್ಲರ್ ಪಾಲುದಾರಿಕೆಯ ಟ್ರೈಟೆಕ್ ಸಂಸ್ಥೆಯು ಬ್ರೆಜಿಲ್ ದೇಶದ ಕಾಂಪೊ ಲಾರ್ಗೊದಲ್ಲಿ ಅದನ್ನು ತಯಾರಿಸುತ್ತಿತ್ತು. 1,598 ಸಿಸಿಯ ಈ ನಾಲ್ಕು ಸಿಲಿಂಡರ್ ಎಂಜಿನ್, ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವ ಈಟನ್ ಎಂ45 ಸೂಪರ್‌ಚಾರ್ಜರಿನ ನೆರವಿನಿಂದ, 2004ರ ಪರಿಷ್ಕರಣೆಯ ನಂತರ ಸುಮಾರು 170 ಅಶ್ವಶಕ್ತಿ ಮತ್ತು 220 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. 2006ರ ಕೊನೆಯಲ್ಲಿ ಬಂದ ಮುಂದಿನ ಪೀಳಿಗೆಯ ಕೂಪರ್ ಎಸ್‌ಗೆ ಸೂಪರ್‌ಚಾರ್ಜರಿನ ಬದಲು ಟರ್ಬೊ ಬಂದಿತು. ಆದ್ದರಿಂದ ಸೂಪರ್‌ಚಾರ್ಜರಿನ ಸದ್ದನ್ನು ಮೆಚ್ಚುವವರು ಈ ಹಳೆಯ ಕಾರುಗಳನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿದ್ದಾರೆ.

ಕಾರಿನ ಮಾಲೀಕರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಬಹುಕಾಲದಿಂದ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ನೆಲೆಸಿರುವವರು. ಕಾರನ್ನು ಅವರು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಜೊತೆಗೆ ಬಂದ ಕಾಗದಪತ್ರಗಳಲ್ಲಿ ಕ್ರ್ಯಾಂಕ್ ಪುಲ್ಲಿಯ ರಬ್ಬರ್ ಬುಷ್ ಸರಿಪಡಿಸಲಾಗಿದೆ ಎಂಬ ಒಂದು ಸಾಲಿನ ಬಿಲ್ಲು ಇತ್ತು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯಲ್ಲಿದ್ದು ಬೆಲ್ಟನ್ನು ಓಡಿಸುವ ಗಾಲಿಯೇ ಕ್ರ್ಯಾಂಕ್ ಪುಲ್ಲಿ. ಅದರ ಒಳಗಿನ ಹಬ್ ಮತ್ತು ಹೊರ ಉಂಗುರವನ್ನು ನಡುವಿನ ರಬ್ಬರು ಕೂಡಿಸುತ್ತದೆ. ಹೇಗೆ ಸರಿಪಡಿಸಿದರು, ಯಾವ ವಸ್ತು ಬಳಸಿದರು ಎಂಬ ವಿವರ ಇರಲಿಲ್ಲ. ಅವರ ದೂರು ಇಷ್ಟು: ಬೆಳಗಿನ ಚಳಿಯಲ್ಲಿ ಎಂಜಿನ್ ಶುರುವಾದಾಗ ಬೆಲ್ಟ್ ಕಿರುಚುತ್ತದೆ, ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ ಚಿಲಿಪಿಲಿಯಂಥ ಸದ್ದು ಉಳಿಯುತ್ತದೆ, ಮಧ್ಯಮ ವೇಗದಲ್ಲಿ ಸಣ್ಣ ನಡುಕವೊಂದು ಪೆಡಲಿನ ಮೂಲಕ ಕಾಲಿಗೆ ತಾಗುತ್ತದೆ. ಅವರ ಕೋರಿಕೆಯೂ ಸ್ಪಷ್ಟವಾಗಿತ್ತು. ರಬ್ಬರನ್ನು ಮತ್ತೊಮ್ಮೆ ಸರಿಪಡಿಸಿ ಮೂಲ ಪುಲ್ಲಿಯನ್ನೇ ಉಳಿಸಿಕೊಳ್ಳಬೇಕು. ಅದಕ್ಕಾಗಿ ಎರಡು ದ್ರವ ಬೆರೆಸಿ ಎರಕ ಹೊಯ್ಯುವ ಗಟ್ಟಿ ಪಾಲಿಯುರೆಥೇನ್ ಅನ್ನು ಅವರು ಆಗಲೇ ತರಿಸಿಟ್ಟಿದ್ದರು.

ನನ್ನ ನಿಲುವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕ್ರ್ಯಾಂಕ್ ಪುಲ್ಲಿಯ ನಡುವಿನ ರಬ್ಬರನ್ನು ಬುಷ್ ಎಂದು ಕರೆಯುವುದು ರೂಢಿ. ಆದರೆ ಅದು ಸಸ್ಪೆನ್ಷನ್ ಬುಷ್‌ನ ಹಾಗೆ ಕೇವಲ ಮೆತ್ತೆಯಲ್ಲ, ನಿರ್ದಿಷ್ಟ ಬಿಗುವಿಗೆ ಹೊಂದಿಸಿದ ಸ್ಪ್ರಿಂಗ್. ಬೆಲ್ಟ್ ನೆಟ್ಟಗೆ ಓಡುವಂತೆ ಮಾಡಿದ ಮಾತ್ರಕ್ಕೆ ಅದರ ದುರಸ್ತಿ ಮುಗಿಯುವುದಿಲ್ಲ.

ಬೆಲ್ಟ್ ಹೊರುವ ಭಾರ

ಈ ಕಾರಿನಲ್ಲಿ ಕ್ರ್ಯಾಂಕ್ ಪುಲ್ಲಿಯ ಆರೋಗ್ಯಕ್ಕೆ ಇತರ ಕಾರುಗಳಿಗಿಂತ ಹೆಚ್ಚಿನ ಬೆಲೆ ಇರುವುದು ಏಕೆಂದು ತಿಳಿಯಲು ಬೆಲ್ಟಿನ ಹಾದಿಯನ್ನು ನೋಡಬೇಕು. ಆರು ಗೆರೆಯ ಒಂದೇ ಬೆಲ್ಟ್ ಸೂಪರ್‌ಚಾರ್ಜರ್, ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರ್‌ಗಳನ್ನು ತಿರುಗಿಸುತ್ತದೆ. ಎಂಜಿನ್ನಿನ ವಾಟರ್ ಪಂಪಿಗೆ ಪ್ರತ್ಯೇಕ ಪುಲ್ಲಿ ಇಲ್ಲ. ಅದು ಸೂಪರ್‌ಚಾರ್ಜರಿನ ಹಿಂತುದಿಯ ಗೇರುಗಳಿಂದ ತಿರುಗುತ್ತದೆ. ಹೀಗಾಗಿ ಬೆಲ್ಟ್ ಜಾರಿ ಬಿದ್ದರೆ ಬ್ಯಾಟರಿ ದೀಪ ಹತ್ತಿಕೊಳ್ಳುವುದರ ಜೊತೆಗೆ ಎಂಜಿನ್ ಬಲ ಕುಸಿಯುತ್ತದೆ, ಅದೇ ಗಳಿಗೆಯಲ್ಲಿ ತಂಪು ನೀರಿನ ಹರಿವೂ ನಿಲ್ಲುತ್ತದೆ. ಮೋಟರ್‌ವೇ ಮೇಲೆ ಹೋಗುತ್ತಿರುವ ಚಾಲಕರು ಸೂಪರ್‌ಚಾರ್ಜರ್ ಕೆಟ್ಟಿತು, ನಿಧಾನವಾಗಿ ಮನೆ ಸೇರೋಣ ಎಂದುಕೊಂಡು ಮುಂದೆ ಓಡಿಸಿದರೆ ಸಿಲಿಂಡರ್ ಹೆಡ್ ಬಾಗುವ ಅಪಾಯವಿದೆ. ಈ ಒಂದು ಸಂಗತಿಯನ್ನು ಆರ್53 ಇಟ್ಟುಕೊಂಡವರೆಲ್ಲರೂ ತಿಳಿದಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಭಾರದ ಅಂದಾಜನ್ನೂ ಮಾಡಬಹುದು. ಎಂ45 ಎಂಬ ಹೆಸರಿನ 45 ಎಂಬ ಅಂಕಿಯು ಒಂದು ಸುತ್ತಿಗೆ ಅದು ದೂಡುವ ಗಾಳಿಯ ಪ್ರಮಾಣವನ್ನು ಘನ ಅಂಗುಲಗಳಲ್ಲಿ ಹೇಳುತ್ತದೆ. ಅಂದರೆ ಸುಮಾರು 737 ಸಿಸಿ. ಕ್ರ್ಯಾಂಕ್ ಒಂದು ಸುತ್ತು ಬಂದರೆ ಸೂಪರ್‌ಚಾರ್ಜರ್ ಎರಡು ಸುತ್ತಿಗಿಂತ ತುಸು ಹೆಚ್ಚೇ ಬರುತ್ತದೆ. ಕ್ರ್ಯಾಂಕ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೂಪರ್‌ಚಾರ್ಜರಿನ ವೇಗ 12,000 ದಾಟಿರುತ್ತದೆ, ಸೆಕೆಂಡಿಗೆ 200 ಸುತ್ತು. ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ 0.8 ಬಾರ್ ಹೆಚ್ಚಿಸುತ್ತಿದೆ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 59 ಜೂಲ್, ಸೆಕೆಂಡಿಗೆ ಸುಮಾರು 12 ಕಿಲೋಜೂಲ್, ಅಂದರೆ 12 ಕಿಲೋವಾಟ್ ಶಕ್ತಿ ಬೇಕಾಗುತ್ತದೆ. ಇದು ಗಾಳಿಯನ್ನು ದೂಡುವ ಕೆಲಸಕ್ಕೆ ಮಾತ್ರ. ಗೇರು, ಬೇರಿಂಗ್ ಮತ್ತು ಸೋರಿಕೆಯ ನಷ್ಟಗಳು ಇದರ ಮೇಲೆ. ಕ್ರ್ಯಾಂಕಿನ ಬಳಿ ಇದು ಸುಮಾರು 19 ನ್ಯೂಟನ್ ಮೀಟರ್ ಟಾರ್ಕ್ ಆಗುತ್ತದೆ, ಮತ್ತು ಬೆಲ್ಟಿನ ಗೆರೆಗಳು ಪುಲ್ಲಿಯ ಹೊರ ಉಂಗುರದ ಮೇಲೆ ಇರುವುದರಿಂದ ಇಷ್ಟೂ ಟಾರ್ಕ್ ಆ ರಬ್ಬರಿನ ಮೂಲಕವೇ ಹಾದುಹೋಗಬೇಕು.

ಸ್ಥಿರವಾದ ಈ ಎಳೆತವನ್ನು ಒಳ್ಳೆಯ ರಬ್ಬರು ಬಹುಕಾಲ ತಾಳುತ್ತದೆ. ಅದನ್ನು ದಣಿಸುವುದು ಎಳೆತದ ಏರಿಳಿತ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಸುತ್ತಿಗೆ ಎರಡು ಬಾರಿ ಇಂಧನ ಉರಿಯುವುದರಿಂದ ಕ್ರ್ಯಾಂಕಿನ ವೇಗ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಏರಿ ಇಳಿಯುತ್ತದೆ. ಸೂಪರ್‌ಚಾರ್ಜರಿನ ರೋಟರ್‌ಗಳಾದರೋ ತಮ್ಮ ವೇಗವನ್ನು ಬದಲಿಸಲು ಒಪ್ಪುವುದಿಲ್ಲ. ಎರಡು ಪಟ್ಟು ವೇಗದಲ್ಲಿ ತಿರುಗುವ ವಸ್ತುವಿನ ಜಡತ್ವ ಕ್ರ್ಯಾಂಕಿಗೆ ನಾಲ್ಕು ಪಟ್ಟಾಗಿ ತೋರುತ್ತದೆ, ಏಕೆಂದರೆ ಇಲ್ಲಿ ವೇಗದ ಅನುಪಾತದ ವರ್ಗವು ಲೆಕ್ಕಕ್ಕೆ ಬರುತ್ತದೆ. ಈ ಎಳೆದಾಟದ ನಡುವೆ ಸಿಕ್ಕಿಕೊಂಡಿರುವುದು ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮತ್ತು ಪುಲ್ಲಿಯ ರಬ್ಬರು.

ಪರೀಕ್ಷೆ

ನಡುಕಕ್ಕೆ ಪುಲ್ಲಿಯೇ ಕಾರಣವೆಂದು ಮೊದಲೇ ತೀರ್ಮಾನಿಸುವಂತಿರಲಿಲ್ಲ. ಈ ಮಾದರಿಯಲ್ಲಿ ಬೆಲ್ಟಿನ ಬದಿಯ ಮೇಲ್ಭಾಗದ ಎಂಜಿನ್ ಮೌಂಟ್ ಒಳಗೆ ದ್ರವ ತುಂಬಿರುತ್ತದೆ. ಅದು ಸೋರಿದರೆ ಎಂಜಿನ್ ಆ ಬದಿಗೆ ಕುಸಿದು ಇದೇ ಬಗೆಯ ನಡುಕ ಬರುತ್ತದೆ. ಮೌಂಟನ್ನು ನೋಡಿದಾಗ ಸೋರಿಕೆಯ ಕಲೆ ಇರಲಿಲ್ಲ, ಎಂಜಿನ್ ಕುಸಿದಿರಲೂ ಇಲ್ಲ. ಚಾಲಕರ ಬದಿಯ ಮುಂದಿನ ಚಕ್ರ ಮತ್ತು ಅದರ ಹಿಂದಿನ ಪ್ಲಾಸ್ಟಿಕ್ ಹೊದಿಕೆ ತೆಗೆದ ಮೇಲೆ ಪುಲ್ಲಿ ನೇರವಾಗಿ ಕಾಣಿಸಿತು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಳಗಿನ ಹಬ್ ನೆಟ್ಟಗೆ ತಿರುಗುತ್ತಿತ್ತು, ಹೊರಗಿನ ಉಂಗುರ ಮಾತ್ರ ಅತ್ತಿತ್ತ ವಾಲುತ್ತಿತ್ತು. ಬೆಲ್ಟ್ ಆ ವಾಲಾಟವನ್ನೇ ಅನುಸರಿಸಿ ಒಳಕ್ಕೂ ಹೊರಕ್ಕೂ ಸರಿಯುತ್ತಿತ್ತು. ಟೆನ್ಷನರಿನ ತೋಳು ಒಂದು ಕಡೆ ನಿಲ್ಲದೆ ಕುಣಿಯುತ್ತಿತ್ತು. ಬೆಲ್ಟಿನ ಅಂಚು ಎಳೆ ಬಿಟ್ಟಿತ್ತು ಮತ್ತು ಸುತ್ತಲಿನ ಲೋಹದ ಮೇಲೆ ಕಪ್ಪು ರಬ್ಬರಿನ ಪುಡಿ ಕೂತಿತ್ತು.

ಹಬ್‌ನಿಂದ ಹೊರ ಉಂಗುರದವರೆಗೆ ಅಡ್ಡಲಾಗಿ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದು ಕಾರನ್ನು ರಸ್ತೆಯಲ್ಲಿ ಓಡಿಸಿ ತಂದೆವು. ಹಿಂದಿರುಗಿದಾಗ ಗೆರೆಯ ಎರಡು ತುಂಡುಗಳು ಪರಸ್ಪರ ದೂರ ಸರಿದಿದ್ದವು. ಉಂಗುರವು ವಾಲುವುದಷ್ಟೇ ಅಲ್ಲ, ಹಬ್‌ನ ಮೇಲೆ ಸುತ್ತ ಜಾರುತ್ತಲೂ ಇದೆ ಎಂಬುದಕ್ಕೆ ಇದಕ್ಕಿಂತ ಸರಳವಾದ, ಖರ್ಚಿಲ್ಲದ ಪುರಾವೆ ಮತ್ತೊಂದಿಲ್ಲ. ಬೇರೆ ಯಾವ ವಾಹನದಲ್ಲಾದರೂ ಈ ಬಗೆಯ ಪುಲ್ಲಿಯ ಬಗ್ಗೆ ಅನುಮಾನ ಬಂದವರು ಮೊದಲು ಮಾಡಬೇಕಾದ ಪರೀಕ್ಷೆಯೂ ಇದೇ ಆಗಿದೆ.

ಸದ್ದಿನ ಮೂಲವನ್ನು ಖಚಿತಪಡಿಸಲು ಬೆಲ್ಟ್ ಕಳಚಿ ಎಂಜಿನ್ನನ್ನು ಕೆಲವೇ ಸೆಕೆಂಡು ನಡೆಸಲಾಯಿತು. ವಾಟರ್ ಪಂಪ್ ನಿಂತಿರುತ್ತದಾದ್ದರಿಂದ ಈ ಪರೀಕ್ಷೆಯನ್ನು ತಣ್ಣಗಿನ ಎಂಜಿನ್ನಿನಲ್ಲಿ ಮಾತ್ರ, ತೀರ ಸ್ವಲ್ಪ ಹೊತ್ತು ಮಾಡಬೇಕು. ಕಿರುಚು ಮತ್ತು ಚಿಲಿಪಿಲಿ ಎರಡೂ ನಿಂತವು. ಸೂಪರ್‌ಚಾರ್ಜರ್, ಆಲ್ಟರ್ನೇಟರ್, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಗಾಲಿ ಇವುಗಳನ್ನು ಕೈಯಿಂದ ತಿರುಗಿಸಿ ನೋಡಿದಾಗ ಐಡ್ಲರ್ ಬೇರಿಂಗ್ ಒರಟಾಗಿತ್ತು, ಉಳಿದವು ನಯವಾಗಿ ತಿರುಗಿದವು. ಟೆನ್ಷನರಿನ ಕೀಲು ಸಡಿಲಾಗಿತ್ತು. ಕುಣಿಯುವ ಬೆಲ್ಟಿನ ಹೊಡೆತ ಬಹುಕಾಲ ತಿಂದ ಭಾಗಗಳಲ್ಲಿ ಇದು ನಿರೀಕ್ಷಿತವೇ.

ಪುಲ್ಲಿಯನ್ನು ಹೊರತೆಗೆದಾಗ

ಕ್ರ್ಯಾಂಕಿನ ಮೂತಿಗೆ ಬಿಗಿಯಾಗಿ ಒತ್ತಿ ಕೂರಿಸಿದ ಪುಲ್ಲಿ ಇದು. ನಡುವಿನ ಬೋಲ್ಟ್ ತೆಗೆದರೂ ತಾನಾಗಿ ಬರುವುದಿಲ್ಲ. ಮೂರು ಕಾಲಿನ ಪುಲ್ಲರನ್ನು ಒಳ ಹಬ್‌ನ ಕಡ್ಡಿಗಳಿಗೆ ಸಿಕ್ಕಿಸಿ ಎಳೆಯಬೇಕು. ಕೆಲವರು ಕೈಗೆ ಸುಲಭವಾಗಿ ಸಿಗುವ ಹೊರ ಉಂಗುರಕ್ಕೆ ಪುಲ್ಲರ್ ಹಾಕುತ್ತಾರೆ. ಆಗ ಎಳೆತದ ಬಲವೆಲ್ಲ ರಬ್ಬರಿನ ಮೇಲೆ ಬಿದ್ದು, ಚೆನ್ನಾಗಿದ್ದ ಪುಲ್ಲಿಯೂ ಹರಿದುಹೋಗುತ್ತದೆ. ಈ ಪುಲ್ಲಿಯ ಹೊರ ಅಂಚಿನ ಹಿಂಬದಿಯಲ್ಲಿ ಪುಲ್ಲರ್ ಉಗುರುಗಳ ಗುರುತು ಇತ್ತು. ಹಿಂದೊಮ್ಮೆ ಯಾರೋ ಹೀಗೆ ಎಳೆದದ್ದೇ ಮೂಲ ರಬ್ಬರು ಬಿಟ್ಟುಕೊಳ್ಳಲು ಕಾರಣವಾಗಿರುವ ಸಾಧ್ಯತೆ ಇದೆ.

ಇನ್ನೊಂದು ಕಾರಣ ಅಲ್ಲಿಯೇ ಕಣ್ಣೆದುರಿಗಿತ್ತು. ಟೈಮಿಂಗ್ ಕವರಿನ ಆಯಿಲ್ ಸೀಲ್ ಪುಲ್ಲಿಯ ಹಬ್‌ನ ಮೂತಿಯ ಮೇಲೆ ಕೂರುತ್ತದೆ. ಸೀಲಿನ ತುಟಿ ಗಟ್ಟಿಯಾಗಿ, ಅದರ ಕೆಳಗಿನಿಂದ ಎಂಜಿನ್ ಆಯಿಲ್ ಜಿನುಗಿ ಪುಲ್ಲಿಯ ಹಿಂಬದಿಗೆ ಹರಡಿತ್ತು. ಸಹಜ ರಬ್ಬರು ಮತ್ತು ಇಪಿಡಿಎಂ ಎಂಬ ಕೃತಕ ರಬ್ಬರು ಖನಿಜ ತೈಲವನ್ನು ಹೀರಿ ಉಬ್ಬುತ್ತವೆ, ಮೆತ್ತಗಾಗುತ್ತವೆ, ಲೋಹದ ಹಿಡಿತವನ್ನು ಬಿಡುತ್ತವೆ; ನೈಟ್ರೈಲ್ ರಬ್ಬರು ತೈಲವನ್ನು ಹೆಚ್ಚು ತಾಳುತ್ತದೆ. ಇದರ ಜೊತೆಗೆ ಇಪ್ಪತ್ತು ವರ್ಷದ ಬಿಸಿ ಮತ್ತು ಆಮ್ಲಜನಕ ಯಾವ ರಬ್ಬರನ್ನೂ ಗಟ್ಟಿಗೊಳಿಸಿ ಬಿರುಕು ಬಿಡಿಸುತ್ತವೆ. ಸೀಲ್ ಬದಲಿಸದೆ ಪುಲ್ಲಿಯನ್ನು ಮಾತ್ರ ಸರಿಪಡಿಸಿದವರು ಹೊಸ ರಬ್ಬರನ್ನೂ ಅದೇ ಎಣ್ಣೆಗೆ ಒಪ್ಪಿಸಿದಂತಾಯಿತು.

ಹಬ್ ಮತ್ತು ಉಂಗುರದ ನಡುವಿನ ಸಂದಿಯಲ್ಲಿ ಮೂಲ ರಬ್ಬರು ಅಲ್ಲಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಜಾಗಕ್ಕೆ ಕಾರಿನ ಮುಂಗಾಜು ಅಂಟಿಸುವ ಬಗೆಯ ಕಪ್ಪು ಪಾಲಿಯುರೆಥೇನ್ ತುಂಬಲಾಗಿತ್ತು. ಗಾಜು ಕೂರಿಸಲು ಇದು ಒಳ್ಳೆಯ ಅಂಟು. ಆದರೆ ಇದು ಗಾಳಿಯ ತೇವಾಂಶವನ್ನು ಹೀರಿ ಗಟ್ಟಿಯಾಗುವಂಥದು. ಎರಡೂ ಬದಿಗೆ ಕಬ್ಬಿಣವಿರುವ ಇಕ್ಕಟ್ಟಿನ ಸಂದಿಯ ಆಳಕ್ಕೆ ತೇವಾಂಶ ಬಹಳ ನಿಧಾನವಾಗಿ ಇಳಿಯುತ್ತದೆ, ಮತ್ತು ಗಟ್ಟಿಯಾಗುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಒಳಗೇ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಪುಲ್ಲಿಯನ್ನು ಆಮೇಲೆ ಗರಗಸದಿಂದ ಕತ್ತರಿಸಿದಾಗ ಒಳಭಾಗ ಗುಳ್ಳೆಗಳಿಂದ ತುಂಬಿತ್ತು. ಕಬ್ಬಿಣದ ಮೇಲ್ಮೈಯಿಂದ ಅಂಟು ಹಾಳೆಯಂತೆ ಸುಲಿದು ಬಂತು. ಅದರ ಕೆಳಗೆ ತುಕ್ಕು ಮತ್ತು ಎಣ್ಣೆಯ ಪದರ ಹಾಗೆಯೇ ಇತ್ತು.

ರಬ್ಬರು ನಿಜವಾಗಿ ಮಾಡುವ ಕೆಲಸ

ಮಾಲೀಕರು ತಂದಿದ್ದ ಗಟ್ಟಿ ಪಾಲಿಯುರೆಥೇನ್ ಇದಕ್ಕಿಂತ ಉತ್ತಮ ವಸ್ತುವಲ್ಲವೇ ಎಂಬ ಪ್ರಶ್ನೆ ಸಹಜವಾಗಿತ್ತು. ಮೇಲ್ಮೈಯನ್ನು ಸ್ವಚ್ಛಗೊಳಿಸಿ, ಪ್ರೈಮರ್ ಹಚ್ಚಿ, ಉಂಗುರವನ್ನು ಸರಿಯಾಗಿ ನಡುವೆ ನಿಲ್ಲಿಸಿ ಎರಕ ಹೊಯ್ದರೆ ಅದು ಬಿಟ್ಟುಕೊಳ್ಳಲಾರದು ಎಂಬುದು ಅವರ ವಾದ. ಬಿಟ್ಟುಕೊಳ್ಳದಿರಬಹುದು. ತೊಂದರೆ ಇರುವುದು ಬೇರೆ ಕಡೆ.

ಕ್ರ್ಯಾಂಕ್ ದಪ್ಪನೆಯ ಉಕ್ಕು ಅಥವಾ ಕಬ್ಬಿಣವಾದರೂ ಪ್ರತಿ ಉರಿತಕ್ಕೂ ಅತಿ ಸೂಕ್ಷ್ಮವಾಗಿ ತಿರುಚಿಕೊಂಡು ಮರಳುತ್ತದೆ. ಹೀಗೆ ತಿರುಚಿ ಮರಳುವುದಕ್ಕೆ ಅದರದೇ ಆದ ಸ್ವಾಭಾವಿಕ ಆವೃತ್ತಿ ಇದೆ. ಜೋಕಾಲಿಯನ್ನು ಸರಿಯಾದ ಗಳಿಗೆಗೆ ಮೆಲ್ಲನೆ ತಳ್ಳುತ್ತ ಹೋದರೆ ಅದು ಎತ್ತರಕ್ಕೇರುವಂತೆ, ಉರಿತದ ಹೊಡೆತಗಳು ಈ ಆವೃತ್ತಿಗೆ ಹೊಂದಿಕೊಂಡಾಗ ತಿರುಚುವಿಕೆ ಬೆಳೆಯುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ಬರುತ್ತದೆ. ಉರಿತದ ಮುಖ್ಯ ಹೊಡೆತ 200 ಹರ್ಟ್ಸ್, ಅದರ ಎರಡನೆಯ ಗುಣಕ 400 ಹರ್ಟ್ಸ್. ಸಣ್ಣ ನಾಲ್ಕು ಸಿಲಿಂಡರ್ ಎಂಜಿನ್‌ಗಳ ಕ್ರ್ಯಾಂಕಿನ ತಿರುಚು ಆವೃತ್ತಿ ಕೆಲವು ನೂರು ಹರ್ಟ್ಸ್‌ಗಳ ವಲಯದಲ್ಲೇ ಇರುವುದರಿಂದ, ರಸ್ತೆಯಲ್ಲಿ ಬಳಸುವ ವೇಗಗಳಲ್ಲಿಯೇ ಇಂಥ ಅನುರಣನೆ ಎದುರಾಗುವುದು ಅಪರೂಪವಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉದ್ದನೆಯ ಆರು ಸಿಲಿಂಡರ್ ಎಂಜಿನ್‌ಗಳ ಕ್ರ್ಯಾಂಕ್‌ಗಳು ಹೀಗೆ ಕಂಪಿಸಿ ಮುರಿಯುತ್ತಿದ್ದ ಸಮಸ್ಯೆಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರು ಘರ್ಷಣೆಯಿಂದ ಕೆಲಸ ಮಾಡುವ ಡ್ಯಾಂಪರ್, ಅಂದರೆ ಕಂಪನ ಅಡಗಿಸುವ ಸಾಧನ, ರೂಪಿಸಿದ್ದರು. ಈ ಪುಲ್ಲಿಯಂಥ ಇಂದಿನ ರಬ್ಬರ್ ಡ್ಯಾಂಪರ್ ಅದೇ ವಂಶದ್ದು. ಇದರಲ್ಲಿ ಹೊರ ಉಂಗುರ ಒಂದು ಜಡ ಭಾರ, ರಬ್ಬರು ಅದರ ಸ್ಪ್ರಿಂಗ್. ಎರಡರ ಜೋಡಿಗೂ ಒಂದು ಸ್ವಾಭಾವಿಕ ಆವೃತ್ತಿ ಇರುತ್ತದೆ, ಮತ್ತು ವಿನ್ಯಾಸಕಾರರು ಅದನ್ನು ಕ್ರ್ಯಾಂಕಿನ ಆವೃತ್ತಿಯ ಆಸುಪಾಸಿಗೆ ಹೊಂದಿಸಿರುತ್ತಾರೆ. ಕ್ರ್ಯಾಂಕಿನ ಮೂತಿ ಒಂದು ದಿಕ್ಕಿಗೆ ತಿರುಚಿದಾಗ ಉಂಗುರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಆ ಎಳೆದಾಟದಲ್ಲಿ ರಬ್ಬರು ಕಂಪನದ ಶಕ್ತಿಯನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಉಂಗುರದ ತೂಕ, ರಬ್ಬರಿನ ಬಿಗುವು, ಸಂದಿಯ ಅಗಲ ಈ ಮೂರರಲ್ಲಿ ಯಾವುದು ಬದಲಾದರೂ ಹೊಂದಾಣಿಕೆ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಂಥ ಪುಲ್ಲಿಗಳ ರಬ್ಬರು ಶೋರ್ ಎ ಮಾಪನದಲ್ಲಿ 55ರಷ್ಟು ಗಟ್ಟಿ ಇದೆ ಎಂದಿಟ್ಟುಕೊಳ್ಳೋಣ. ಮಾಲೀಕರು ತಂದಿದ್ದ ಎರಕದ ಡಬ್ಬಿಯ ಮೇಲೆ 85 ಎಂದಿತ್ತು. ಅಂಕಿಗಳನ್ನು ನೋಡಿದರೆ ಒಂದೂವರೆ ಪಟ್ಟು ಎನಿಸುತ್ತದೆ. ಆದರೆ ಶೋರ್ ಮಾಪನ ಸರಳ ರೇಖೆಯಲ್ಲಿ ಏರುವುದಿಲ್ಲ. ಗಟ್ಟಿತನದಿಂದ ಬಿಗುವನ್ನು ಅಂದಾಜಿಸುವ ರೂಢಿಯ ಸೂತ್ರದ ಪ್ರಕಾರ 55ಕ್ಕೆ ಸುಮಾರು 3 ಮೆಗಾಪಾಸ್ಕಲ್, 85ಕ್ಕೆ ಸುಮಾರು 13 ಮೆಗಾಪಾಸ್ಕಲ್ ಬರುತ್ತದೆ. ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಆವೃತ್ತಿಯು ಬಿಗುವಿನ ವರ್ಗಮೂಲದ ಜೊತೆ ಏರುವುದರಿಂದ ಅದು ಎರಡು ಪಟ್ಟಾಗುತ್ತದೆ. 350 ಹರ್ಟ್ಸ್‌ಗೆ ಹೊಂದಿಸಿದ್ದ ಡ್ಯಾಂಪರ್ 700 ದಾಟಿ ಹೋಗುತ್ತದೆ, ಮತ್ತು 350ರ ಸುತ್ತಮುತ್ತ ಕಂಪಿಸುವ ಕ್ರ್ಯಾಂಕಿನ ಪಾಲಿಗೆ ಅದು ಮೂತಿಗೆ ತಗುಲಿಹಾಕಿದ ಕಬ್ಬಿಣದ ಭಾರವಷ್ಟೇ ಆಗಿ ಉಳಿಯುತ್ತದೆ. ಭಾರ ಹೆಚ್ಚಿದರೆ ಕ್ರ್ಯಾಂಕಿನ ಸ್ವಂತ ಆವೃತ್ತಿ ಕೆಳಗಿಳಿದು, ಬಳಕೆಯ ವೇಗಗಳಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಇದೇ ಲೆಕ್ಕ ಹೊರ ಉಂಗುರವನ್ನು ಹಬ್‌ಗೆ ವೆಲ್ಡ್ ಮಾಡುವ ಅಥವಾ ಪಿನ್ ಹೊಡೆದು ಬಿಗಿಯುವ ಉಪಾಯಕ್ಕೂ ಅನ್ವಯಿಸುತ್ತದೆ. ಅಲ್ಲಿ ಬಿಗುವು ಅಪಾರವಾಗಿ, ಡ್ಯಾಂಪರ್ ಪೂರ್ತಿ ಇಲ್ಲವಾಗುತ್ತದೆ.

ಇಂಥ ಪುಲ್ಲಿ ಹಾಕಿದ ಕಾರು ಮರುದಿನವೇ ಕೆಡುವುದಿಲ್ಲ. ಬೆಲ್ಟ್ ನೆಟ್ಟಗೆ ಓಡುತ್ತದೆ, ಸದ್ದು ಹೋಗುತ್ತದೆ, ಮಾಲೀಕರು ಸಂತೋಷಪಡುತ್ತಾರೆ. ಹಾನಿ ಕಾಣದ ಕಡೆಗಳಲ್ಲಿ ನಡೆಯುತ್ತದೆ: ಮೂತಿಯ ಬೋಲ್ಟ್ ಸಡಿಲಗೊಳ್ಳುವುದು, ಟೈಮಿಂಗ್ ಚೈನ್ ಮತ್ತು ಅದರ ಗೈಡ್‌ಗಳ ಸವೆತ, ಕ್ರ್ಯಾಂಕಿನಿಂದ ನೇರವಾಗಿ ತಿರುಗುವ ಆಯಿಲ್ ಪಂಪ್ ಇರುವ ಎಂಜಿನ್‌ಗಳಲ್ಲಿ ಅದರ ಗೇರುಗಳ ಬಿರುಕು, ಕೊನೆಗೆ ಕ್ರ್ಯಾಂಕಿನದೇ ದಣಿವು. ಆದ್ದರಿಂದಲೇ ಈ ವಿಷಯದಲ್ಲಿ ಕಿವಿಗೆ ಸರಿಯೆನಿಸಿದ್ದನ್ನು ನಂಬಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಪರಿಗಣಿಸಿದ ದಾರಿಗಳು ಮತ್ತು ಆಯ್ಕೆ

ರಬ್ಬರನ್ನು ವಿಧಿವತ್ತಾಗಿ ಮರಳಿ ಕೂರಿಸುವ ದಾರಿ ಇಲ್ಲದಿಲ್ಲ. ಹಳೆಯ ರಬ್ಬರನ್ನು ತೆಗೆದು, ಲೋಹವನ್ನು ಮರಳು ಊದಿ ಶುಚಿಗೊಳಿಸಿ, ಪ್ರೈಮರ್ ಮತ್ತು ಅಂಟು ಹಚ್ಚಿ, ಹಬ್ ಮತ್ತು ಉಂಗುರವನ್ನು ಅಚ್ಚಿನಲ್ಲಿ ಏಕಕೇಂದ್ರವಾಗಿ ಹಿಡಿದು, ಹಸಿ ರಬ್ಬರನ್ನು ಒತ್ತಡದಿಂದ ತುಂಬಿ, 150ರಿಂದ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಲ್ಕನೀಕರಿಸಬೇಕು. ಇದನ್ನೇ ಕಸುಬಾಗಿ ಮಾಡುವ ಕಾರ್ಯಾಗಾರಗಳು ಇವೆ, ಮತ್ತು ಪುಲ್ಲಿ ಎಲ್ಲಿಯೂ ಸಿಗದಂಥ ಹಳೆಯ ಕಾರುಗಳಿಗೆ ಇದೇ ಸರಿಯಾದ ಮಾರ್ಗ. ಅಂಥ ಕಡೆಗೆ ಕಳುಹಿಸುವವರು ರಬ್ಬರಿನ ಗಟ್ಟಿತನವನ್ನು ಹೇಗೆ ನಿಗದಿಪಡಿಸುತ್ತೀರಿ, ಕೆಲಸ ಮುಗಿದ ಮೇಲೆ ಸಮತೋಲ ಪರೀಕ್ಷಿಸುತ್ತೀರಾ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಪುಲ್ಲಿಯನ್ನು ಕೊಡಬಾರದು.

ಇನ್ನೊಂದು ದಾರಿ ಬಿಚ್ಚಿ ಜೋಡಿಸಬಹುದಾದ ಡ್ಯಾಂಪರ್. ಅಮೆರಿಕದ ಬಾಲ್ಟಿಮೋರಿನ ಎಟಿಐ ಸಂಸ್ಥೆಯ ಡ್ಯಾಂಪರಿನಲ್ಲಿ ಜಡ ಉಂಗುರವನ್ನು ರಬ್ಬರಿನ ಓ-ರಿಂಗ್‌ಗಳು ಹಿಡಿದಿರುತ್ತವೆ. ಸವೆದಾಗ ಹೊರ ಕವಚದ ಬೋಲ್ಟ್‌ಗಳನ್ನು ಬಿಚ್ಚಿ ಓ-ರಿಂಗ್‌ಗಳನ್ನು ಮಾತ್ರ ಬದಲಿಸಬಹುದು, ಅವುಗಳ ಗಟ್ಟಿತನವನ್ನು ಎಂಜಿನ್ನಿಗೆ ತಕ್ಕಂತೆ ಆಯ್ದುಕೊಳ್ಳಲೂಬಹುದು. ರಬ್ಬರ್ ದುರಸ್ತಿ ಎಂಬ ಮಾತಿಗೆ ಪೂರ್ಣ ಅರ್ಥದಲ್ಲಿ ಒಪ್ಪುವ ವಿನ್ಯಾಸವೆಂದರೆ ಇದು. ಆರ್53 ಎಂಜಿನ್ನನ್ನು ಮೂಲಕ್ಕಿಂತ ಹೆಚ್ಚು ಬಲಕ್ಕೆ ಏರಿಸಿದವರಿಗೆ ನಾನು ಇದನ್ನೇ ಹೇಳುತ್ತೇನೆ. ರಬ್ಬರೇ ಇಲ್ಲದ, ಅಲ್ಯೂಮಿನಿಯಂನ ಇಡಿ ಪುಲ್ಲಿಗಳನ್ನು ಹಗುರವೆಂಬ ಕಾರಣಕ್ಕೆ ಮಾರುವುದೂ ಉಂಟು. ರಸ್ತೆಯ ಕಾರಿಗೆ ಅವನ್ನು ನಾನು ಒಪ್ಪುವುದಿಲ್ಲ.

ಈ ಕಾರಿನ ಎಂಜಿನ್ ಮೂಲಸ್ಥಿತಿಯಲ್ಲಿತ್ತು ಮತ್ತು ಕಾರ್ಖಾನೆಯ ವಿನ್ಯಾಸದ ಹೊಸ ಪುಲ್ಲಿ ಸುಲಭವಾಗಿ ಸಿಗುತ್ತಿತ್ತು. ಅದರ ಬೆಲೆ ಹಳೆಯದನ್ನು ಮರುವಲ್ಕನೀಕರಿಸುವ ಖರ್ಚಿಗಿಂತ ಹೆಚ್ಚಿರಲಿಲ್ಲ. ಮಾಲೀಕರ ಮನಸ್ಸನ್ನು ತಿರುಗಿಸಿದ್ದು ಮಾತ್ರ ಬೆಲೆಯಲ್ಲ, ಬೆಂಚಿನ ಮೇಲೆ ಮಾಡಿದ ಒಂದು ಸಣ್ಣ ಪರೀಕ್ಷೆ. ಎರಡೂ ಪುಲ್ಲಿಗಳ ಹಬ್‌ಗಳನ್ನು ಒಂದಾದ ಮೇಲೊಂದರಂತೆ ಭಾರಿ ವೈಸ್‌ನಲ್ಲಿ ಬಿಗಿದು, ಹೊರ ಉಂಗುರದ ಬದಿಗೆ ಸುತ್ತುವ ದಿಕ್ಕಿನಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿದೆವು. ಹೊಸ ಪುಲ್ಲಿ ಎಲ್ಲಿ ತಟ್ಟಿದರೂ ಒಂದೇ ಬಗೆಯ, ತಕ್ಷಣ ಅಡಗುವ ಮಂದ ಸದ್ದು ಕೊಟ್ಟಿತು. ಹಳೆಯದು ತಟ್ಟಿದ ಜಾಗಕ್ಕೆ ತಕ್ಕಂತೆ ಬೇರೆಬೇರೆ ದನಿ ಕೊಟ್ಟಿತು: ಒಂದು ಕಡೆ ಕಬ್ಬಿಣದ ಠಣಕಾರ, ಇನ್ನೊಂದು ಕಡೆ ಸಡಿಲ ತಗಡಿನಂಥ ಸದ್ದು. ಸುತ್ತಲೂ ಒಂದೇ ಬಿಗುವಿಲ್ಲದ ಸ್ಪ್ರಿಂಗ್ ಯಾವ ಆವೃತ್ತಿಗೂ ಹೊಂದಲಾರದು ಎಂಬುದನ್ನು ಅವರು ತಾವೇ ಕೇಳಿ ತಿಳಿದರು. ತಂದಿದ್ದ ಎರಕದ ಡಬ್ಬಿಯನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡರು.

ಜೋಡಣೆ

ಹೊಸ ಆಯಿಲ್ ಸೀಲ್ ಕೂರಿಸಿ ಅದರ ತುಟಿಗೆ ಎಣ್ಣೆ ಸವರಿದ ನಂತರ ಪುಲ್ಲಿಯನ್ನು ಉದ್ದನೆಯ ಎಳೆಬೋಲ್ಟ್, ನಟ್ ಮತ್ತು ಒತ್ತು ಬೇರಿಂಗ್ ಇರುವ ಸಾಧನದಿಂದ ಮೆಲ್ಲನೆ ಎಳೆದು ಕೂರಿಸಲಾಯಿತು. ಸುತ್ತಿಗೆಯಿಂದ ಬಡಿದು ಕೂರಿಸುವುದು ಈ ಕೆಲಸದಲ್ಲಿ ಅತಿ ಕೆಟ್ಟ ಅಭ್ಯಾಸ, ಏಕೆಂದರೆ ಪ್ರತಿ ಏಟೂ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ, ಹೊಸ ರಬ್ಬರಿನ ಅಂಟೂ ಸಡಿಲವಾಗಬಹುದು. ಮೂಲ ಬೋಲ್ಟಿನಿಂದಲೇ ಎಳೆಯುವುದೂ ಸರಿಯಲ್ಲ. ಆರಂಭದಲ್ಲಿ ಅದರ ಕೆಲವೇ ಸುತ್ತು ಎಳೆ ಮಾತ್ರ ಹಿಡಿದಿರುವುದರಿಂದ ಕ್ರ್ಯಾಂಕಿನ ಒಳ ಎಳೆ ಕಿತ್ತುಬರುವ ಅಪಾಯವಿದೆ. ಕೊನೆಯ ಬಿಗಿಯನ್ನು ವರ್ಕ್‌ಶಾಪ್ ಕೈಪಿಡಿಯ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದ ಕೊಡಲಾಯಿತು.

ಟೆನ್ಷನರ್, ಐಡ್ಲರ್ ಮತ್ತು ಬೆಲ್ಟ್ ಮೂರನ್ನೂ ಬದಲಿಸಿದೆವು. ಡಯಲ್ ಗೇಜನ್ನು ಹೊರ ಉಂಗುರದ ಮುಖಕ್ಕೆ ತಾಗಿಸಿ ಎಂಜಿನ್ನನ್ನು ಕೈಯಿಂದ ತಿರುಗಿಸಿದಾಗ ಮುಳ್ಳು ಬಹುತೇಕ ಅಲುಗಲಿಲ್ಲ. ಹೊಸ ಪುಲ್ಲಿಯ ಮೇಲೂ ಬಿಳಿ ಗೆರೆ ಎಳೆಯಲಾಯಿತು. ಹೀಗೆ ಗೆರೆ ಎಳೆದಿಟ್ಟರೆ ಮುಂದೆ ಯಾರು ಚಕ್ರ ಬಿಚ್ಚಿದರೂ ಒಂದು ನೋಟದಲ್ಲಿ ಸ್ಥಿತಿ ತಿಳಿಯುತ್ತದೆ.

ಎಂಜಿನ್ ಶುರುವಾದಾಗ ಟೆನ್ಷನರಿನ ತೋಳು ನಿಂತಲ್ಲೇ ನಿಂತಿತು. ರಸ್ತೆಯಲ್ಲಿ ಪೆಡಲಿನ ನಡುಕ ಪೂರ್ತಿ ಹೋಯಿತು. ಮುಂದಿನ ಆಯಿಲ್ ಬದಲಾವಣೆಗೆ ಕಾರು ಬಂದಾಗ ಗೆರೆ ಸರಿದಿರಲಿಲ್ಲ, ಪುಲ್ಲಿಯ ಹಿಂಬದಿ ಒಣಗಿತ್ತು.

ಮಾಲೀಕರ ಮುಂದಿನ ಪ್ರಶ್ನೆ ಸೂಪರ್‌ಚಾರ್ಜರಿಗೆ ಶೇಕಡಾ 15ರಷ್ಟು ಚಿಕ್ಕ ಪುಲ್ಲಿ ಹಾಕುವುದರ ಬಗ್ಗೆ. ಈ ಮಾದರಿಯಲ್ಲಿ ಬಹಳ ಪ್ರಚಲಿತವಾದ ಬದಲಾವಣೆ ಅದು. ಚಿಕ್ಕ ಪುಲ್ಲಿಯಿಂದ ಸೂಪರ್‌ಚಾರ್ಜರಿನ ವೇಗ ಸುಮಾರು ಶೇಕಡಾ 18ರಷ್ಟು ಏರುತ್ತದೆ, ಒತ್ತಡವೂ ಜೊತೆಗೆ ಏರುವುದರಿಂದ ಬೆಲ್ಟ್ ಎಳೆಯಬೇಕಾದ ಶಕ್ತಿ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಹೆಚ್ಚುತ್ತದೆ, ವಾಟರ್ ಪಂಪ್ ಕೂಡ ಅಷ್ಟೇ ವೇಗವಾಗಿ ತಿರುಗಬೇಕಾಗುತ್ತದೆ. ಹಾಗೆ ಮಾಡುವುದಾದರೆ ಕ್ರ್ಯಾಂಕಿಗೆ ಬಿಚ್ಚಿ ಜೋಡಿಸಬಹುದಾದ ಡ್ಯಾಂಪರ್ ಹಾಕಿ ಆಮೇಲೆ ಮುಂದುವರಿಯಬೇಕೆಂದು ತಿಳಿಸಿದೆ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಸೂಪರ್‌ಚಾರ್ಜರಿನ ಎರಡೂ ತುದಿಯ ಗೇರುಗಳಿಗೆ ಎಂಜಿನ್ ಆಯಿಲ್ ಹೋಗುವುದಿಲ್ಲ, ಅವುಗಳಿಗೆ ಪ್ರತ್ಯೇಕ ಎಣ್ಣೆ ಇರುತ್ತದೆ. ವಾಟರ್ ಪಂಪ್ ತಿರುಗಿಸುವ ಹಿಂತುದಿಯಲ್ಲಿ ಅದು ಒಣಗಿದರೆ ಗೇರು ಸವೆದು ಪಂಪ್ ನಿಲ್ಲುತ್ತದೆ. ಈ ಕಾರಿನ ದಾಖಲೆಗಳಲ್ಲಿ ಆ ಎಣ್ಣೆ ಬದಲಿಸಿದ ಉಲ್ಲೇಖವಿಲ್ಲ. ಅದನ್ನು ಬದಲಿಸಲು ಸೂಪರ್‌ಚಾರ್ಜರನ್ನು ಹೊರತೆಗೆಯಲೇಬೇಕು, ಆದ್ದರಿಂದ ಚಿಕ್ಕ ಪುಲ್ಲಿಯ ತೀರ್ಮಾನವನ್ನು ಗೇರುಗಳ ಸ್ಥಿತಿ ನೋಡಿದ ಮೇಲೆ ಮಾಡುವುದೆಂದು ಒಪ್ಪಿಕೊಂಡಿದ್ದೇವೆ.